ಮೈಸೂರಲ್ಲಿ ಮಹಡಿ ಮನೆ ಬಾಡಿಗೆಗೆ: ಮೂರು ಪಾರ್ಟಿ ಬಂದಿವೆ, ಏನು ನೋಡಿ ಯಾರಿಗೆ ಕೊಡೋದು?

ಮಹಡಿಮನೆ:
ಎಲ್ಲರಿಗೂ ನಮಸ್ಕಾರ. ಗೋಕುಲಂ ಮೂರನೇ ಹಂತದಲ್ಲಿ 30×40 ಸೈಟು, ಮೊದಲನೇ ಮಹಡಿಯ ಎರಡು ಬೆಡ್‌ರೂಮಿನ ಮನೆ ಖಾಲಿ ಇದೆ. ಕೆಳಗೆ ಅಪ್ಪ ಅಮ್ಮ ಇದಾರೆ, ನಾನು ಬೆಂಗಳೂರಲ್ಲಿ. ಕರೆಂಟ್ ಮೀಟರ್ ಬೇರೆ ಬೇರೆ. ಸಂಪು ಒಂದೇ, ಸೋಲಾರೂ ಒಂದೇ. ಬಾಡಿಗೆ 18,000, ಅಡ್ವಾನ್ಸ್ 1 ಲಕ್ಷ ಅಂತ ಇಟ್ಟಿದೀವಿ. ಗೇಟಿಗೆ ಬೋರ್ಡ್ ಹಾಕಿ, ಆ್ಯಪಲ್ಲೂ ಹಾಕಿದ್ಮೇಲೆ ಮೂರು ಪಾರ್ಟಿ ಗಟ್ಟಿಯಾಗಿ ಕೇಳ್ತಿದಾರೆ.

ಒಂದು, ಸರ್ಕಾರಿ ಬ್ಯಾಂಕಿನ ಆಫೀಸರು, ಹುಬ್ಬಳ್ಳಿಯಿಂದ ಟ್ರಾನ್ಸ್‌ಫರ್. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬ್ಯಾಂಕೇ ಲೀಸ್ ಮಾಡ್ಕೊಳ್ಳುತ್ತೆ, ಅಡ್ವಾನ್ಸ್ ಅಷ್ಟು ಕೊಡಕ್ಕಾಗಲ್ಲ ಅಂತಾರೆ. ಎರಡು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋ ನಾಲ್ಕು ಹುಡುಗರು, 20,000 ಕೊಡ್ತೀವಿ ಅಂತಾರೆ. ಮೂರು, ಯೋಗ ಕಲಿಯೋಕೆ ಬಂದಿರೋ ವಿದೇಶಿ ದಂಪತಿ. ಮೂರೇ ತಿಂಗಳು, ಪೂರ್ತಿ ದುಡ್ಡು ಮುಂಚೇನೇ ಕೊಡ್ತಾರಂತೆ.

ಅಪ್ಪನಿಗೆ "ನಮ್ಮೋರೇ" ಬರಲಿ ಅಂತ ಆಸೆ. ನನಗೆ ಬೇಕಿರೋದು ಬಾಡಿಗೆ ಹೊತ್ತಿಗೆ ಸರಿಯಾಗಿ ಬರಬೇಕು, ಕೆಳಗಿರೋರಿಗೆ ತೊಂದ್ರೆ ಆಗಬಾರದು. ಅದನ್ನ ಮುಂಚೆ ತಿಳ್ಕೊಳ್ಳೋದು ಹೇಗೆ? ಆಷಾಢ ಬೇರೆ ಹತ್ತಿರ ಬಂತು.

ಒಂಟಿಕೊಪ್ಪಲ್:
ಮೊದಲು ಆಷಾಢದ ವಿಷಯ ಮುಗಿಸಿ. ಆಷಾಢದಲ್ಲಿ ಹಾಲುಕ್ಕಿಸೋರು ಕಡಿಮೆ. ಈಗ ಕೈಬಿಟ್ರೆ ಒಂದು ತಿಂಗಳು ಬೋರ್ಡ್ ನೋಡ್ಕೊಂಡು ಕೂರಬೇಕು, ಆಮೇಲೆ ಶ್ರಾವಣ. ಅಷ್ಟರಲ್ಲಿ ಸ್ಕೂಲು ಶುರುವಾಗಿ ಫ್ಯಾಮಿಲಿಗಳೆಲ್ಲ ಸೆಟ್ಲ್ ಆಗಿರ್ತಾರೆ. ಹಾಗಾಗಿ ಆಷಾಢಕ್ಕೆ ಮುಂಚೇನೇ ಹಾಲುಕ್ಕಿಸಿಬಿಡಿ, ಸಾಮಾನು ನಿಧಾನಕ್ಕೆ ತನ್ನಿ ಅಂತ ಹೇಳಿ. ಬಾಡಿಗೆ ಮಾತ್ರ ಕೀ ಕೊಟ್ಟ ದಿನದಿಂದ. ಇದನ್ನ ಬಾಯಲ್ಲಿ ಹೇಳಿದ್ರೆ ಸಾಲದು, ಕರಾರಲ್ಲಿ ತಾರೀಖು ಹಾಕಿ. ಮೊದಲ ಜಗಳ ಬರೋದೇ ಇಲ್ಲಿ.

ಲೆಕ್ಕದಪುಸ್ತಕ:
20,000 ನೋಡಿ ಆಸೆ ಬೀಳಬೇಡಿ. 18,000ಕ್ಕೂ 20,000ಕ್ಕೂ ಹನ್ನೊಂದು ತಿಂಗಳಿಗೆ ವ್ಯತ್ಯಾಸ 22,000. ಒಂದೇ ಒಂದು ತಿಂಗಳು ಮನೆ ಖಾಲಿ ಬಿದ್ರೆ 18,000 ಹೋಯ್ತು, ಮಧ್ಯೆ ಒಂದು ಸಲ ಬಣ್ಣ ಹೊಡೆಸಿದ್ರೆ ಉಳಿದದ್ದೂ ಹೋಯ್ತು. ವರ್ಷಕ್ಕೊಂದು ಸಲ ಖಾಲಿ ಮಾಡೋರು 20,000 ಕೊಡೋದಕ್ಕಿಂತ ಮೂರು ವರ್ಷ ಇರೋರು 18,000 ಕೊಡೋದೇ ಲಾಭ. ಎಷ್ಟು ಕೊಡ್ತಾರೆ ಅನ್ನೋದ್ರ ಜೊತೆ ಎಷ್ಟು ದಿನ ಇರ್ತಾರೆ ಅಂತಲೂ ಕೇಳಿ.

ಕೈಗೆ ಬರೋ ಸಂಬಳದ ಮೂರನೇ ಒಂದು ಭಾಗ ದಾಟಬಾರದು ಬಾಡಿಗೆ. 18,000 ಅಂದ್ರೆ ಮನೆಗೆ ತಿಂಗಳಿಗೆ ಕನಿಷ್ಠ 54,000 ಬರ್ತಿರಬೇಕು. ಕಾರಿನ ಕಂತು, ಸ್ಕೂಲ್ ಫೀಸು ದೊಡ್ಡದಿದ್ರೆ ಇನ್ನೂ ಜಾಸ್ತಿ ಬೇಕು.

ಕೀಲಿಕೈ:
ನಾನು ಹೇಳೋದು ಒಂದೇ ಕಾಗದ. ಈಗಿರೋ ಮನೆಗೆ ಆರು ತಿಂಗಳಿಂದ ಬಾಡಿಗೆ ಕಟ್ಟಿರೋ ದಾಖಲೆ. ಸ್ಯಾಲರಿ ಸ್ಲಿಪ್ಪು ಸಂಪಾದನೆ ತೋರಿಸುತ್ತೆ, ಆಧಾರ್ ಹೆಸರು ತೋರಿಸುತ್ತೆ. ತಿಂಗಳು ತಿಂಗಳು 3ನೇ ತಾರೀಖಿಗೋ 5ನೇ ತಾರೀಖಿಗೋ ಒಬ್ಬರೇ ಮಾಲೀಕರ ಹೆಸರಿಗೆ ದುಡ್ಡು ಹೋಗಿದ್ಯಾ ಅನ್ನೋದು ಅಭ್ಯಾಸ ತೋರಿಸುತ್ತೆ. ನಮಗೆ ಬೇಕಿರೋದು ಆ ಅಭ್ಯಾಸ. ಒಂದು ತಿಂಗಳು 4, ಇನ್ನೊಂದು ತಿಂಗಳು 19, ಮತ್ತೊಂದು ತಿಂಗಳು ಎರಡು ಕಂತಲ್ಲಿ ಅಂತ ಇದ್ರೆ ನಿಮಗೂ ಹಾಗೇ ಬರುತ್ತೆ.

ಎರಡನೇದು ಹಳೇ ಮಾಲೀಕರಿಗೆ ಫೋನು. ಈಗಿರೋ ಮನೆ ಮಾಲೀಕರು, ಬೇಡದವರು ಹೋಗಲಿ ಅಂತ ಹೊಗಳಬಹುದು. ಅದಕ್ಕೆ ಅದಕ್ಕೂ ಹಿಂದಿನ ಮನೆಯವರ ನಂಬರ್ ತಗೊಳ್ಳಿ. "ಹೇಗಿದ್ರು ಸಾರ್?" ಅಂದ್ರೆ "ಚೆನ್ನಾಗಿದ್ರು" ಅಂತಾರೆ, ಅಲ್ಲಿಗೆ ಮುಗೀತು. ಕೇಳಬೇಕಾದ್ದು: ಎಷ್ಟು ಜನ ಇದ್ರು, ಬಾಡಿಗೆ ಎಷ್ಟನೇ ತಾರೀಖಿಗೆ ಬರ್ತಿತ್ತು, ಖಾಲಿ ಮಾಡುವಾಗ ಅಡ್ವಾನ್ಸಲ್ಲಿ ಎಷ್ಟು ಹಿಡ್ಕೊಂಡ್ರಿ, ಯಾತಕ್ಕೆ, ಮತ್ತೆ ಬಂದ್ರೆ ಕೊಡ್ತೀರಾ. ಕೊನೇ ಪ್ರಶ್ನೆಗೆ ತಕ್ಷಣ ಉತ್ತರ ಬರುತ್ತಾ, ಎಳೆದು ಬರುತ್ತಾ ಕೇಳಿಸ್ಕೊಳ್ಳಿ.

ವಾಟರ್‌ಮ್ಯಾನ್:
ಅದು ಮಾಲೀಕರದ್ದೇ ನಂಬರ್ ಅಂತ ಏನು ಗ್ಯಾರಂಟಿ? ಸ್ನೇಹಿತನ ನಂಬರ್ ಕೊಟ್ಟು "ಇವರೇ ಓನರ್" ಅಂದ್ರೆ?

ಕೀಲಿಕೈ:
ಹಳೇ ಕರಾರಲ್ಲಿರೋ ಹೆಸರು, ಬಾಡಿಗೆ ಹೋದ ಖಾತೆಯ ಹೆಸರು, ಫೋನೆತ್ತಿದವರ ಹೆಸರು ಮೂರೂ ಒಂದೇನಾ ನೋಡಿ. ಮಾತಲ್ಲಿ ಒಂದು ತಪ್ಪು ವಿವರ ಸೇರಿಸಿ. ಅವರಿದ್ದದ್ದು ನೆಲಮಹಡಿ ಅಂತ ಗೊತ್ತಿದ್ರೆ "ನಿಮ್ಮ ಮೇಲ್ಗಡೆ ಮನೇಲಿದ್ರಲ್ಲ" ಅನ್ನಿ. ನಿಜವಾದ ಮಾಲೀಕರು ಅಲ್ಲೇ ತಿದ್ದುತಾರೆ, ಬಾಡಿಗೆ ಮಾಲೀಕರು "ಹೌದು ಹೌದು" ಅಂತಾರೆ.

ಎರಡನೇಕ್ರಾಸ್:
ನಾನು ಬಾಡಿಗೆಗಿರೋನು, ಆ ಕಡೆಯಿಂದ ಹೇಳ್ತೀನಿ. ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ ಕೇಳೋದು ಅತಿಯಾಯ್ತು. ನಾನು ಯಾವ ಆಸ್ಪತ್ರೆಗೆ ಎಷ್ಟು ಕಟ್ಟಿದೆ, ಊರಿಗೆ ಎಷ್ಟು ಕಳಿಸಿದೆ ಅನ್ನೋದು ಮನೆ ಮಾಲೀಕರಿಗೆ ಯಾಕೆ? ಆಮೇಲೆ ಆ ಪಿಡಿಎಫ್ ಅವರ ವಾಟ್ಸಾಪಲ್ಲಿ ಶಾಶ್ವತವಾಗಿ ಬಿದ್ದಿರುತ್ತೆ.

ಕೀಲಿಕೈ:
ಒಪ್ಪಿದೆ. ಪೂರ್ತಿ ಬೇಡ. ಯುಪಿಐ ಆ್ಯಪಲ್ಲಿ ಹಳೇ ಮಾಲೀಕರ ಹೆಸರು ಒತ್ತಿದ್ರೆ ಅವರಿಗೆ ಕಳಿಸಿದ್ದಷ್ಟೇ ಸಾಲಾಗಿ ಕಾಣುತ್ತೆ. ಎದುರಿಗೆ ಕೂತು ಫೋನಲ್ಲೇ ತೋರಿಸಲಿ, ಕಾಪಿ ತಗೊಳ್ಳೋದೇ ಬೇಡ.

ಎರಡನೇಕ್ರಾಸ್:
ಅದಾದ್ರೆ ಯಾರೂ ಬೇಡ ಅನ್ನಲ್ಲ. ಆಧಾರಿಗೂ ಹಾಗೇ, ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಸಾಕು.

ಪಂಪ್‌ಸೆಟ್:
ಜೆರಾಕ್ಸ್ ನೋಡಿ ನಂಬಬೇಡಿ. ಆಧಾರ್ ಕಾರ್ಡಲ್ಲಿರೋ ಕ್ಯೂಆರ್ ಕೋಡನ್ನ ಆಧಾರದ್ದೇ ಆ್ಯಪಲ್ಲಿ ಸ್ಕ್ಯಾನ್ ಮಾಡಿ. ಹೆಸರು, ಫೋಟೋ ಎದುರಿಗಿರೋರಿಗೆ ಹೊಂದುತ್ತಾ ನೋಡಿ. ಎಡಿಟ್ ಮಾಡಿದ ಕಾರ್ಡಾದ್ರೆ ಅಲ್ಲೇ ಬಯಲಾಗುತ್ತೆ. ಕೆಲಸದ ವಿಷಯಕ್ಕೆ ಸ್ಯಾಲರಿ ಸ್ಲಿಪ್ಪಿಗಿಂತ ಪಿಎಫ್ ಪಾಸ್‌ಬುಕ್ ಗಟ್ಟಿ. ಯಾವ ಕಂಪನಿ, ಯಾವ ತಿಂಗಳಿಂದ ಕಟ್ತಿದೆ ಅಂತ ಅದರಲ್ಲಿರುತ್ತೆ, ಮೊಬೈಲಲ್ಲೇ ತೋರಿಸಬಹುದು.

ಕರಾರುಪತ್ರ:
ಒಂದು ಮೂಲ ಪ್ರಶ್ನೆ. ಮನೆಯ ಖಾತೆ ಯಾರ ಹೆಸರಲ್ಲಿದೆ?

ಮಹಡಿಮನೆ:
ಅಪ್ಪನ ಹೆಸರಲ್ಲಿ.

ಕರಾರುಪತ್ರ:
ಹಾಗಾದ್ರೆ ಕರಾರಿಗೆ ಸಹಿ ಅಪ್ಪನದ್ದು, ಬಾಡಿಗೆ ಅಪ್ಪನ ಬ್ಯಾಂಕ್ ಖಾತೆಗೆ. ಸಂಬಳದವರು ತೆರಿಗೆ ಉಳಿಸೋಕೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸುವಾಗ ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಮಾಲೀಕರ ಪ್ಯಾನ್ ಕೊಡಲೇಬೇಕು. ನಿಮ್ಮದು 2.16 ಲಕ್ಷ, ಕೇಳೇ ಕೇಳ್ತಾರೆ. ಪ್ಯಾನ್ ಕೊಡಲ್ಲ ಅಂತ ಹಟ ಹಿಡಿಯೋ ಮಾಲೀಕರಿಗೆ ಒಳ್ಳೇ ಬಾಡಿಗೆದಾರರು ಸಿಗಲ್ಲ. ಬಾಡಿಗೆ ಆದಾಯದಲ್ಲಿ ಮನೆ ಕಂದಾಯ ಕಳೆದು ಉಳಿದಿದ್ದಕ್ಕೆ 30% ನೇರ ಕಡಿತ ಸಿಗುತ್ತೆ, ತೆರಿಗೆ ಅಂದ್ರೆ ಹೆದರಿಕೊಳ್ಳೋ ಅಷ್ಟಿಲ್ಲ. ಅಡ್ವಾನ್ಸೂ ಬ್ಯಾಂಕ್ ಮೂಲಕವೇ ಇರಲಿ. 20,000 ಅಥವಾ ಅದಕ್ಕಿಂತ ಜಾಸ್ತಿ ಠೇವಣಿಯನ್ನ ನಗದಾಗಿ ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾಯ್ದೆಯ ತಡೆ ಇದೆ.

ಹಳೇಸೈಟು:
ಹನ್ನೊಂದು ತಿಂಗಳಿಗಿಂತ ಒಂದು ದಿನ ಜಾಸ್ತಿ ಬರೆದ್ರೆ ಮನೆ ಅವರದ್ದಾಗಿಬಿಡುತ್ತೆ, ಹುಷಾರು. 12 ವರ್ಷ ಇದ್ರಂತೂ ಕೈ ಬಿಟ್ಟಂಗೇ.

ಕರಾರುಪತ್ರ:
ಎರಡೂ ತಪ್ಪು ಸಾರ್. ಒಂದು ವರ್ಷ ಮೀರಿದ ಲೀಸನ್ನ ರಿಜಿಸ್ಟರ್ ಮಾಡಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳ್ತವೆ. ಆ ಓಡಾಟ, ಖರ್ಚು ಬೇಡ ಅಂತ 11 ತಿಂಗಳಿಗೆ ಬರೆಯೋ ರೂಢಿ ಬಂತು, ಅಷ್ಟೇ. ಇನ್ನು 12 ವರ್ಷದ ಮಾತು ಮಾಲೀಕರ ವಿರುದ್ಧವಾಗಿ ಸ್ವಾಧೀನದಲ್ಲಿ ಕೂತೋರಿಗೆ. ಬಾಡಿಗೆದಾರರು ನಿಮ್ಮ ಅನುಮತಿಯಿಂದ ಇರೋರು, ಬಾಡಿಗೆ ಕಟ್ಕೊಂಡು ಇಪ್ಪತ್ತು ವರ್ಷ ಇದ್ರೂ ಮಾಲೀಕರಾಗಲ್ಲ. ಆದ್ರೆ ಕರಾರು, ಬಾಡಿಗೆ ಬಂದ ದಾಖಲೆ ನಿಮ್ಮ ಹತ್ರ ಇರಬೇಕು.

ಕರ್ನಾಟಕ ಬಾಡಿಗೆ ಕಾಯ್ದೆ 1999ರ ಬಗ್ಗೆಯೂ ಜನ ಹೆದರಿಸ್ತಾರೆ. ಅದು ತಿಂಗಳ ಬಾಡಿಗೆ ಕೆಲವು ಊರುಗಳಲ್ಲಿ 3,500, ಉಳಿದ ಕಡೆ 2,000 ಮೀರದ ಮನೆಗಳಿಗೆ. 18,000ದ ಮನೆ ಎಲ್ಲಿದ್ರೂ ಅದರ ಹೊರಗೆ. ನಿಮಗೆ ಅನ್ವಯಿಸೋದು ಕರಾರಲ್ಲಿ ಬರೆದಿದ್ದು ಮತ್ತು ಆಸ್ತಿ ವರ್ಗಾವಣೆ ಕಾಯ್ದೆ. ಕರಾರಲ್ಲಿ ನೋಟಿಸಿನ ಮಾತೇ ಇಲ್ಲದಿದ್ರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು.

ಸ್ಟಾಂಪಿನ ವಿಷಯದಲ್ಲಿ ಜಿಪುಣತನ ಬೇಡ. ಬಾಡಿಗೆ, ಅಡ್ವಾನ್ಸ್ ಲೆಕ್ಕ ಹಾಕಿ ಎಷ್ಟು ಬರುತ್ತೋ ಅಷ್ಟಕ್ಕೆ ಇಬ್ಬರ ಹೆಸರಲ್ಲೂ ಇ-ಸ್ಟಾಂಪ್ ತೆಗೆಸಿ. ಕಡಿಮೆ ಸ್ಟಾಂಪಿನ ಕರಾರು ಕೋರ್ಟಿಗೆ ಹೋದ್ರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟೋವರೆಗೂ ಸಾಕ್ಷಿಯಾಗಿ ತಗೊಳ್ಳಲ್ಲ.

ಹಳೇಸೈಟು:
ಸರಿ, ತಿದ್ಕೊಂಡೆ. ಆದ್ರೂ ನಮ್ಮೋರಾದ್ರೆ ನೆಮ್ಮದಿ ಅನ್ನೋ ಮಾತು ಬಿಡಲ್ಲ. ಕೆಳಗೆ ವಯಸ್ಸಾದೋರು ಇದಾರೆ. ಮಡಿ, ಊಟ, ಎಲ್ಲ ಹೊಂದಬೇಕಲ್ವಾ?

ತೊಟ್ಟಿಮನೆ:
ಯಾವುದು ಹೊಂದಬೇಕು ಅಂತ ಬಿಡಿಸಿ ಹೇಳಿ ಸಾರ್. ರಾತ್ರಿ ಹತ್ತರ ಮೇಲೆ ಸದ್ದು ಬೇಡ, ಗೇಟು ಇಷ್ಟು ಹೊತ್ತಿಗೆ ಬೀಗ, ಕಸ ಬೇರೆ ಮಾಡಿ ಕೊಡಬೇಕು. ಇವೆಲ್ಲ ನಡವಳಿಕೆ, ಕೇಳಬಹುದು, ಬರೆಯಬಹುದು. ಜಾತಿ ಕೇಳಿ ಅದ್ರಲ್ಲಿ ಯಾವುದು ತಿಳಿಯುತ್ತೆ? ಬಾಡಿಗೆ ಬಾಕಿ ಉಳಿಸೋರು ಎಲ್ಲ ಜಾತೀಲೂ ಇದಾರೆ. ಮನೆ ಕೇಳೋಕೆ ಬಂದ ಮನುಷ್ಯನ ಹತ್ರ "ನೀವು ಯಾವ ಪೈಕಿ" ಅಂತ ಕೇಳೋದು ಅವರ ಮುಖಕ್ಕೆ ಹೊಡೆದ ಹಾಗೆ. ಮೈಸೂರಿನಂಥ ಊರಲ್ಲಿ ಇದು ಇನ್ನೂ ನಡೀತಿದೆ ಅನ್ನೋದು ಬೇಜಾರಿನ ಸಂಗತಿ.

ಲೆಕ್ಕದಪುಸ್ತಕ:
ತೊಟ್ಟಿಮನೆ ಹೇಳಿದ್ದಕ್ಕೆ ನನ್ನದೂ ಸಹಿ. ಲೆಕ್ಕದಲ್ಲಿ ನೋಡಿದ್ರೂ ಅಷ್ಟೇ. ಮನೆ ಹುಡುಕೋ ಹತ್ತು ಜನರಲ್ಲಿ ಎಂಟು ಜನರನ್ನ ಬಾಗಿಲಲ್ಲೇ ಕಳಿಸಿದ್ರೆ ಉಳಿದ ಇಬ್ಬರಲ್ಲಿ ಯಾರು ಸಿಕ್ಕಿದ್ರೋ ಅವರಿಗೇ ಕೊಡಬೇಕಾಗುತ್ತೆ, ಅವರ ಬಾಡಿಗೆ ಚರಿತ್ರೆ ಹೇಗಿದ್ರೂ.

ಹಳೇಸೈಟು:
ನಾನು ಮುಖಕ್ಕೆ ಹೊಡೀರಿ ಅನ್ನಲಿಲ್ಲ. ಯೋಚನೆ ಮಾಡ್ತೀನಿ.

ಶಾಖಾಧಿಕಾರಿ:
ಬ್ಯಾಂಕ್ ಲೀಸ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ನಿಮ್ಮ ಬಾಡಿಗೆದಾರ ಬ್ಯಾಂಕು, ಆಫೀಸರಲ್ಲ. ಬಾಡಿಗೆ ಬ್ಯಾಂಕಿಂದ ನೇರ ಮಾಲೀಕರ ಖಾತೆಗೆ ಬರುತ್ತೆ, ಆಫೀಸರ ಮಿತಿಗಿಂತ ಜಾಸ್ತಿ ಇರೋದನ್ನ ಅವರ ಸಂಬಳದಲ್ಲಿ ಹಿಡಿತಾರೆ. ತಡ ಆಗೋದು ಅಪರೂಪ. ತೊಡಕಿರೋದು ಬೇರೆ ಕಡೆ. ಕರಾರು ಬ್ಯಾಂಕಿನ ಅಚ್ಚಿನಲ್ಲೇ ಇರುತ್ತೆ, ನಿಮ್ಮ ಷರತ್ತು ಸೇರಿಸೋದು ಕಷ್ಟ. ಮನೆಯ ಖಾತೆ, ಕಂದಾಯದ ರಸೀದಿ, ಕರೆಂಟ್ ಬಿಲ್, ಪ್ಯಾನ್ ಎಲ್ಲ ಕೇಳ್ತಾರೆ. ಮನೆಯ ಖಾತೆ ಜಂಟಿಯಾಗಿದ್ರೆ ಎಲ್ಲರ ಸಹಿ. ಮಂಜೂರಾತಿಗೆ ಕೆಲವು ವಾರ ಹಿಡಿಯುತ್ತೆ. ಆ ಮಧ್ಯದ ಬಾಡಿಗೆ ಆಫೀಸರು ಕೈಯಿಂದ ಕಟ್ತಾರಾ ಅಂತ ಮೊದಲೇ ಕೇಳಿ. ಗೋಡೆ, ನಲ್ಲಿ, ಫ್ಯಾನು ಹಾಳಾದ್ರೆ ಯಾರ ಜವಾಬ್ದಾರಿ ಅಂತ ಆಫೀಸರ ಹತ್ರ ಬೇರೆ ಒಂದು ಪತ್ರ ಬರೆಸ್ಕೊಳ್ಳಿ, ಜೊತೆಗೆ ಒಂದೆರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್.

ಜಿಎಸ್‌ಟಿ ಅಂತ ಯಾರಾದ್ರೂ ಹೆದರಿಸಿದ್ರೆ, ನೋಂದಾಯಿತ ಸಂಸ್ಥೆ ವಾಸದ ಮನೆ ಬಾಡಿಗೆಗೆ ತಗೊಂಡ್ರೆ 18% ಅದೇ ಕಟ್ಕೊಳ್ಳಬೇಕು. 2022ರ ಜುಲೈ 18ರಿಂದ ಇದೇ ನಿಯಮ. ನೋಂದಣಿಯಿಲ್ಲದ ಮಾಲೀಕರು ಏನೂ ಮಾಡೋದಿಲ್ಲ.

ಮಹಡಿಮನೆ:
ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ನಾಲ್ಕು ಹುಡುಗರ ವಿಷಯ? ಬ್ಯಾಚುಲರ್ಸ್ ಅಂತ ಅಮ್ಮ ಹೆದರ್ತಾರೆ.

ತೊಟ್ಟಿಮನೆ:
ಬ್ಯಾಚುಲರ್ಸ್ ಅನ್ನೋದು ತಪ್ಪಲ್ಲ, ನಾಲ್ವರಲ್ಲಿ ಒಬ್ಬನ ಸಹಿ ತಗೊಳ್ಳೋದು ತಪ್ಪು. ಸಹಿ ಮಾಡಿದವನೇ ಆರು ತಿಂಗಳಿಗೆ ಬೇರೆ ಊರಿಗೆ ಹೋಗ್ತಾನೆ, ಮನೇಲಿರೋರಿಗೂ ನಿಮಗೂ ಕಾಗದವೇ ಇರಲ್ಲ. ನಾಲ್ವರೂ ಸಹಿ ಹಾಕಲಿ, "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ" ಅನ್ನೋ ಸಾಲು ಇರಲಿ. ಅಂದ್ರೆ ಒಬ್ಬ ಬಿಟ್ರೆ ಉಳಿದ ಮೂವರು ಪೂರ್ತಿ 20,000 ಕಟ್ಟಬೇಕು. ಬಾಡಿಗೆ ಒಂದೇ ಖಾತೆಯಿಂದ ಒಂದೇ ಸಲ ಬರಲಿ, 5,000ದಂತೆ ನಾಲ್ಕು ಕಡೆಯಿಂದ ಬಂದ್ರೆ ಯಾರ ಬಾಕಿ ಅಂತ ಹುಡುಕೋ ಕೆಲಸ ನಿಮ್ಮದಾಗುತ್ತೆ. ಹೊಸಬ ಬರೋದಾದ್ರೆ ನಿಮ್ಮ ಒಪ್ಪಿಗೆ ಬರಹದಲ್ಲಿ. ಗಾಡಿ ಎಷ್ಟು ಅಂತಲೂ ಬರೆಯಿರಿ. 30×40ರಲ್ಲಿ ಕಾರಿನ ಹಿಂದೆ ನಾಲ್ಕು ಬೈಕ್ ನಿಂತ್ರೆ ಬೆಳಗ್ಗೆ ಅಪ್ಪ ಹೊರಗೆ ಹೋಗೋದು ಹೇಗೆ?

ವಾಟರ್‌ಮ್ಯಾನ್:
ನೀರು, ಸೋಲಾರ್ ಎರಡೂ ಒಂದೇ ಅಂದ್ರಲ್ಲ, ನನ್ನ ಭಯ ಅಲ್ಲಿದೆ. 200 ಲೀಟರ್ ಸೋಲಾರ್ ಬಕೆಟ್ ಸ್ನಾನಕ್ಕಾದ್ರೆ ಆರೇಳು ಜನಕ್ಕೆ ಸಾಕು, ಶವರ್ ಆದ್ರೆ ನಾಲ್ಕು ಜನಕ್ಕೂ ಸಾಲಲ್ಲ. ಮೇಲಿನ ಮನೆಗೆ ಪೈಪ್ ಹತ್ತಿರ, ತಿರುಗಿಸಿದ ತಕ್ಷಣ ಬಿಸಿನೀರು. ಕೆಳಗಿನ ಮನೆಗೆ ಉದ್ದ ಪೈಪು, ಅದರಲ್ಲಿರೋ ತಣ್ಣೀರೆಲ್ಲ ಹೋದ್ಮೇಲೆ ಬಿಸಿ. ಅಷ್ಟರಲ್ಲಿ ಮೇಲಿನವರು ಟ್ಯಾಂಕ್ ಖಾಲಿ ಮಾಡಿರ್ತಾರೆ, ಅಪ್ಪ ಅಮ್ಮನಿಗೆ ಮಳೆಗಾಲದಲ್ಲಿ ದಿನಾ ತಣ್ಣೀರು. ಬಾಡಿಗೆಗೆ ಕೊಡೋ ಮುಂಚೆ ಮಹಡಿಗೆ ಬೇರೆ ಗೀಸರ್ ಹಾಕಿ, ಸೋಲಾರ್ ಲೈನಿಗೆ ಗೇಟ್ ವಾಲ್ವ್ ಹಾಕಿಸಿ. ಓವರ್‌ಹೆಡ್ ಟ್ಯಾಂಕೂ ಎರಡು ಮಾಡಿದ್ರೆ ನೀರಿನ ಜಗಳ ಅರ್ಧ ಮುಗೀತು.

ಪಂಪ್‌ಸೆಟ್:
ಮೋಟಾರ್ ಯಾರ ಮೀಟರಿಗೆ ಇದೆ?

ಮಹಡಿಮನೆ:
ಕೆಳಗಿನ ಮನೆ ಮೀಟರಿಗೆ.

ಪಂಪ್‌ಸೆಟ್:
ಹಾಗಾದ್ರೆ ನೀರಿಗೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಜೊತೆ ಈಗಲೇ ಗೊತ್ತು ಮಾಡಿ. ಗೃಹಜ್ಯೋತಿಯನ್ನೂ ಮರೀಬೇಡಿ. ಹಳೇ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಲಿಂಕ್ ಇದ್ರೆ ಸೇವಾ ಸಿಂಧುವಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ಹೊಸಬರು ತಮ್ಮ ಆಧಾರಲ್ಲಿ ಅರ್ಜಿ ಹಾಕಬೇಕು. ಒಬ್ಬರ ಹೆಸರಿಗೆ ಒಂದೇ ಮೀಟರ್, ಅಪ್ಪನದ್ದು ಕೆಳಗಿನದಕ್ಕೆ ಆಗಿದ್ರೆ ಮೇಲಿನದಕ್ಕೆ ಬರಲ್ಲ. ಪ್ರತ್ಯೇಕ ಮೀಟರ್ ಇದೆ ಅಂತ ಜಾಹೀರಾತಲ್ಲೇ ಹಾಕಿ. ಸಬ್ ಮೀಟರ್ ಮನೆಯವರಿಗೆ ಅವರ ಹೆಸರಲ್ಲಿ ಆ ಲಾಭ ಸಿಗಲ್ಲ, ಹಾಗಾಗಿ ಜನ ಇದನ್ನ ಕೇಳಿಯೇ ಬರ್ತಾರೆ.

ಯಾದವಗಿರಿ:
ವಿದೇಶಿಯರ ವಿಷಯ. ಗೋಕುಲಂನಲ್ಲಿ ಇದು ದಿನನಿತ್ಯದ್ದು, ಆದ್ರೆ ನಿಯಮ ಸಡಿಲ ಇಲ್ಲ. ಅವರು ಮನೆಗೆ ಬಂದ 24 ಗಂಟೆಯೊಳಗೆ ಇಮಿಗ್ರೇಷನ್ ಇಲಾಖೆಯ ತಾಣದಲ್ಲಿ ಅವರ ವಾಸದ ವಿವರದ ಫಾರ್ಮ್ (ಹಿಂದೆ ಫಾರ್ಮ್ ಸಿ ಅಂತಿದ್ರು) ಆನ್‌ಲೈನಲ್ಲಿ ತುಂಬಬೇಕು, ಹೊಣೆ ಮಾಲೀಕರದ್ದು. ಅದಕ್ಕೆ ಮುಂಚೆ ನಿಮ್ಮ ಮನೆಯನ್ನ ಅದೇ ತಾಣದಲ್ಲಿ ನೋಂದಾಯಿಸಿ ಐಡಿ ತಗೊಂಡಿರಬೇಕು. ಜನ ಎಡವೋದು ಇಲ್ಲೇ, ಅತಿಥಿ ಬಂದ ದಿನ ಐಡಿಗೆ ಅರ್ಜಿ ಹಾಕ್ತಾರೆ. ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ, ಇಮಿಗ್ರೇಷನ್ ಸೀಲಿನ ಪುಟ ಮೂರರ ಪ್ರತಿ ಇಟ್ಕೊಳ್ಳಿ. ಇದನ್ನೆಲ್ಲ ನೀವು ಬೆಂಗಳೂರಲ್ಲಿ ಕೂತೇ ಮಾಡಬಹುದು. ಆದ್ರೆ ಅವರಿಗೆ ಮಂಚ, ಫ್ರಿಜ್ಜು, ಸ್ಟೌ ಸಮೇತ ಬೇಕು. ಖಾಲಿ ಮನೆ ಕೊಡೋದಾದ್ರೆ ಮೂರು ತಿಂಗಳಿಗೋಸ್ಕರ ಆ ಖರ್ಚು ಗಿಟ್ಟಲ್ಲ.

ಎರಡನೇಕ್ರಾಸ್:
ಮಾಲೀಕರಿಗೂ ಒಂದು ಎಚ್ಚರಿಕೆ. ಆ್ಯಪಲ್ಲಿ ಹಾಕಿದ್ದೀರ ಅಂದ್ರೆ "ಸೈನ್ಯದಲ್ಲಿದೀನಿ, ಮೈಸೂರಿಗೆ ಪೋಸ್ಟಿಂಗ್, ಫೋಟೋ ನೋಡಿದ್ದೇ ಸಾಕು, ಅಡ್ವಾನ್ಸ್ ಈಗಲೇ ಹಾಕ್ತೀನಿ" ಅಂತ ಫೋನ್ ಬರಬಹುದು. ಐಡಿ ಕಾರ್ಡು, ಯೂನಿಫಾರ್ಮಿನ ಫೋಟೋ ಎಲ್ಲ ಕಳಿಸ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ ಅಂತಾರೆ. ದುಡ್ಡು ಬರೋದಕ್ಕೆ ಯುಪಿಐ ಪಿನ್ ಬೇಕಾಗೇ ಇಲ್ಲ, ಪಿನ್ ಒತ್ತಿದ್ರೆ ಹೋಗೋದೇ. ಅಪ್ಪನಿಗೆ ಇದನ್ನ ಇವತ್ತೇ ಹೇಳಿ. ಹೋಗೇಬಿಟ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್.

ಹಳೇಸೈಟು:
ಇನ್ನೊಂದು ಬಗೆ ಮೋಸ ಬೆಂಗಳೂರಲ್ಲಿದೆ. ಮಧ್ಯವರ್ತಿ ನಿಮ್ಮ ಮನೆಯನ್ನ ತಿಂಗಳ ಬಾಡಿಗೆಗೆ ತಗೊಂಡು, ಒಳಗೆ ಇನ್ನೊಬ್ಬರಿಗೆ 10-15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿರ್ತಾನೆ. ಒಂದಷ್ಟು ತಿಂಗಳು ಬಾಡಿಗೆ ಬರುತ್ತೆ, ಆಮೇಲೆ ಆಸಾಮಿ ನಾಪತ್ತೆ. ಮನೇಲಿರೋ ಸಂಸಾರ ನಮ್ಮ ದುಡ್ಡು ಕೊಡಿ ಅಂತ ನಿಮ್ಮ ಮುಂದೆ ಕೂರುತ್ತೆ. ಒಳಗೆ ವಾಸ ಮಾಡೋರು ಯಾರೋ ಅವರ ಹೆಸರಿಗೇ ಕರಾರು, ಒಳಬಾಡಿಗೆ ಕೂಡದು ಅಂತ ಸಾಲು. ಇದರಲ್ಲಿ ರಾಜಿ ಬೇಡ.

ಕರಾರುಪತ್ರ:
ಈ ಮಾತಿಗೆ ನೂರಕ್ಕೆ ನೂರು.

ಎರಡನೇಕ್ರಾಸ್:
ಬಣ್ಣದ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯೋ ರೂಢಿನೂ ಇಲ್ಲೇ ಚರ್ಚೆ ಆಗಲಿ. ಮೂರು ವರ್ಷ ಇದ್ದ ಮನೆ ಗೋಡೆ ಮಾಸಿದ್ರೆ ಅದು ಬಾಡಿಗೆದಾರರ ತಪ್ಪಾ?

ಕೀಲಿಕೈ:
ತಪ್ಪಲ್ಲ. ನನ್ನ ಪ್ರಕಾರ ಒಂದು ವರ್ಷದೊಳಗೆ ಬಿಟ್ರೆ ಹಿಡಿಯಿರಿ, ಮೂರು ವರ್ಷ ಇದ್ದೋರ ಹತ್ರ ಹಿಡಿಯೋದು ನ್ಯಾಯ ಅಲ್ಲ. ಮೊಳೆ ಹೊಡೆದು ಪ್ಲಾಸ್ಟರ್ ಕಿತ್ತಿದ್ರೆ ಅದು ಬೇರೆ. ಅದಕ್ಕೇ ಕೀ ಕೊಡೋ ದಿನ ಹಗಲು ಹೊತ್ತಲ್ಲಿ ಹತ್ತು ನಿಮಿಷದ ವಿಡಿಯೋ ಮಾಡಿ ಇಬ್ಬರ ಫೋನಲ್ಲೂ ಇಟ್ಕೊಳ್ಳಿ. ಸಿಂಕಿನ ಕೆಳಗೆ, ಬಾತ್ರೂಮಿನ ಮೂಲೆ, ಕಿಟಕಿ ಗಾಜು, ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಒತ್ತಿ, ಕೊನೆಗೆ ಮೀಟರ್ ರೀಡಿಂಗ್. ಬಣ್ಣದ ಶೇಡ್ ನಂಬರ್ ಬರೆದಿಟ್ಕೊಳ್ಳಿ, ಮುಂದೆ ಒಂದೇ ಗೋಡೆ ಹೊಡೆಸಿದ್ರೂ ಹೊಂದುತ್ತೆ.

ಮಹಡಿಮನೆ:
ಬ್ಯಾಂಕಿನವರ ಕಡೆ ಮನಸ್ಸು ವಾಲಿದೆ. ಅಪ್ಪನ ಹತ್ರಾನೂ ಮಾತಾಡಿದೆ, ಜಾತಿ ಮಾತು ಬಿಟ್ಟು ಹುಬ್ಬಳ್ಳಿ ಮಾಲೀಕರಿಗೆ ಫೋನ್ ಮಾಡೋಕೆ ಒಪ್ಪಿದಾರೆ. ಒಂದೇ ಪ್ರಶ್ನೆ ಉಳೀತು. ಲೀಸ್ ಮಂಜೂರಾಗೋದು ಆಷಾಢದಲ್ಲಿ, ಅವರು ಹಾಲುಕ್ಕಿಸಬೇಕು ಅನ್ನೋದು ಈ ಶುಕ್ರವಾರ. ಕಾಗದ ಇಲ್ಲದೆ ಕೀ ಕೊಡಬಹುದಾ?

ಕರಾರುಪತ್ರ:
ಕಾಗದ ಇಲ್ಲದೆ ಬೇಡ. ಆಫೀಸರ ಹೆಸರಲ್ಲೇ ಈಗ ಕರಾರು ಮಾಡಿ, "ಬ್ಯಾಂಕಿನ ಲೀಸ್ ಜಾರಿಯಾದ ದಿನ ಇದು ಕೊನೆಗೊಳ್ಳುತ್ತೆ, ಅಲ್ಲಿವರೆಗೆ ಬಾಡಿಗೆ ಇವರದ್ದು" ಅಂತ ಬರೆಯಿರಿ.

ಒಂಟಿಕೊಪ್ಪಲ್:
ಹಾಲುಕ್ಕಿಸಿದ ಮೇಲೆ ಕೀ ವಾಪಸ್ ತಗೊಂಡು, ಸಾಮಾನು ಬರೋ ದಿನ ಕೊಡೋ ಪದ್ಧತಿನೂ ಇದೆ. ಶುಕ್ರವಾರದೊಳಗೆ ಕರಾರು ಆಗಲಿಲ್ಲ ಅಂದ್ರೆ ಹಾಗೆ ಮಾಡಿ. ಗ್ಯಾಸ್ ಅವರೇ ತರಲಿ, ಸಂಪಿನ ಮೋಟಾರ್ ಹಾಕಿ ನೀರು ಮಾತ್ರ ನೀವು ತುಂಬಿಸಿಡಿ.